ಮಾನ್ವಿಯಲ್ಲಿ ತೊಟ್ಟಿಲು ಕಟ್ಟಿಸಿಕೊಂಡ ಕಾದಂಬರಿ

ಆ ಪುಸ್ತಕ ನನಗೆ ಸಿಕ್ಕಿದ್ದು ರಾಯಚೂರಿನ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ, ನೌಕರಿ ಪರೀಕ್ಷೆಯ ಗೈಡುಗಳ ಸಾಲಿನ ಹಿಂದೆ. ಕಪ್ಪು ರಟ್ಟು, ರಟ್ಟಿನ ಮೇಲೆ ಕಣ್ಣಿಲ್ಲದ ಒಂದು ಹೆಣ್ಣಿನ ಮುಖ, ಇಟ್ಟಂಗಿಯಷ್ಟು ದಪ್ಪ. ಅಂಗಡಿಯವನೇ ಧೂಳು ಜಾಡಿಸಿ ಕೈಗೆ ಕೊಟ್ಟು, "ಮೇಡಂ, ಇದನ್ನ ಯಾರೂ ಒಯ್ಯವಲ್ರು, ನೀವರ ಒಯ್ರಿ" ಎಂದ. ಯಾರೂ ಒಯ್ಯದ್ದನ್ನು ಒಯ್ಯುವುದು ನನ್ನ ಹುಟ್ಟುಗುಣ. ಒಯ್ದೆ.

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಮನೆ ರಾಯಚೂರಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಸೀಟು ಸಿಕ್ಕರೆ ಓದುವುದು. ಸ್ಟಾಫ್ ರೂಮಿನಲ್ಲಿ ಆ ಕಪ್ಪು ರಟ್ಟು ನೋಡಿದ ಗಣಿತದ ಮಾಸ್ತರರು, "ಏನ್ರಿ ಮೇಡಂ, ಮಾಟ ಮಾಡೋ ಬುಕ್ಕೇನ್ರಿ" ಎಂದು ನಕ್ಕರು. "ಹೌದ್ರಿ, ಮೊದಲ ನಿಮ್ಮ ಮ್ಯಾಲೇ ಮಾಡಿ ನೋಡ್ತೀನಿ" ಎಂದೆ. ಆಮೇಲೆ ಅವರು ಆ ಪುಸ್ತಕದ ತಂಟೆಗೆ ಬರಲಿಲ್ಲ. ಕನ್ನಡದವರೆಂದರೆ ವಚನ, ಭಾವಗೀತೆ ಇಷ್ಟನ್ನೇ ಓದಿ ಕಣ್ಣು ತೇವ ಮಾಡಿಕೊಂಡು ಕೂತಿರಬೇಕು ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ನನಗೆ ರಕ್ತ, ಶಾಪ, ಪಾತಾಳ, ಸೇಡು ಬೇಕು. ದೊಡ್ಡ ದೊಡ್ಡ ದೇವರುಗಳು ಸಿಂಹಾಸನದಿಂದ ಉರುಳಿ ಬೀಳಬೇಕು.

ಆ ಕಾದಂಬರಿಯಲ್ಲಿ ಅದೆಲ್ಲ ಧಾರಾಳವಾಗಿತ್ತು. ಬೆಟ್ಟದ ಮೇಲೆ ದೇವರುಗಳದೊಂದು ಮನೆತನ. ಆ ಮನೆಯಲ್ಲಿ ಮೊದಲು ಒಬ್ಬ ಮಗಳು ಹುಟ್ಟುತ್ತಾಳೆ. ಕತ್ತಲಲ್ಲೂ ಮೂರು ಲೋಕ ಕಾಣುವಂಥ ಕಣ್ಣು ಆಕೆಗೆ. ಆಮೇಲೆ ಮಗ ಹುಟ್ಟುತ್ತಾನೆ, ಹುಟ್ಟುಕುರುಡ. ಮನೆತನ ನಡೆಸುವವನಿಗೆ ಕಣ್ಣಿಲ್ಲದಿದ್ದರೆ ಹೇಗೆ ಎಂದು ಅಪ್ಪ, ಚಿಕ್ಕಪ್ಪಂದಿರು ಸೇರಿ ಮಗಳ ಕಣ್ಣು ಕಿತ್ತು ಮಗನಿಗೆ ಇಡುತ್ತಾರೆ. ಮಗಳನ್ನು ಒಂದು ಹಾಳುಬಾವಿಗೆ ನೂಕುತ್ತಾರೆ. ಆಕೆ ಅಲ್ಲಿ ಸಾಯುವುದಿಲ್ಲ. ಕತ್ತಲನ್ನೇ ಉಂಡು ಬೆಳೆದು, ಮೇಲೆದ್ದು ಬಂದು, ತನ್ನ ಮನೆತನದ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುತ್ತಾಳೆ. ಕಡೆಗೆ ಉಳಿಯುವವನು ಆಕೆಯ ಕಣ್ಣು ಇಟ್ಟುಕೊಂಡಿರುವ ತಮ್ಮ.

ನಾನು ಇದನ್ನು ಒಂದು ಸಲ ಓದಿ ಮುಗಿಸಿ, ಎರಡನೆಯ ಸಲಕ್ಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಗ ಮಾನ್ವಿಯಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮಗ, ಸೊಸೆ ಇಬ್ಬರೂ ನೌಕರಿಗೆ ಹೋಗುವವರು. ತೊಡೆಯವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಮಂಚದ ಮೇಲೆ ಬಿದ್ದ ಅತ್ತೆಗೆ ಹೊತ್ತೇ ಹೋಗುತ್ತಿರಲಿಲ್ಲ. ಅದಕ್ಕೇ ನಾನು ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋಗಿ, ಚಹಾ ಕುಡಿದು, ಒಂದು ತಾಸು ಕೂತು ಬಸ್ಸು ಹಿಡಿಯುವುದು ರೂಢಿಯಾಯಿತು.

ಇಲ್ಲಿ ಒಂದು ಹಳೆಯ ಸಂಗತಿ ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ಅಪ್ಪನೂ ಅತ್ತೆಯೂ ಮಾತು ಬಿಟ್ಟಿದ್ದರು. ಅಪ್ಪ ಇರುವುದು ದೇವದುರ್ಗದಲ್ಲಿ, ನನ್ನ ಅವ್ವ, ನನ್ನ ತಮ್ಮ, ಅವನ ಹೆಂಡತಿ, ಅವರ ಮಕ್ಕಳ ಗದ್ದಲದ ನಡುವೆ. ಅಲ್ಲೇ ಶಾಲಾ ಮಾಸ್ತರನಾಗಿದ್ದು ನಿವೃತ್ತನಾದವನು. ನಮ್ಮದು ಕೂಲಿಯಿಂದ ಮೇಲೆ ಬಂದ ಮನೆತನ. ಅತ್ತೆ ಮೂರನೆಯ ಕ್ಲಾಸಿನವರೆಗೆ ಓದಿದ್ದಳು, ಕ್ಲಾಸಿಗೆ ಮುಂದಿದ್ದಳು. ಅಪ್ಪ ಶಾಲೆ ಸೇರುವ ವರ್ಷ ಅವನ ಬೆನ್ನಿಗೆ ಹುಟ್ಟಿದ ಸಣ್ಣ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಯಿತು. ಅಜ್ಜ ಅತ್ತೆಯನ್ನು ಬಿಡಿಸಿ ಅಪ್ಪನನ್ನು ಕಳಿಸಿದ. ಬಿಡಿಸಿದ ಮೇಲೂ ಅವಳು ಸಂಜೆ ಒಲೆಯ ಬೂದಿ ನೆಲದ ಮೇಲೆ ಹರವಿ, ಅಪ್ಪನ ಬೆರಳು ಹಿಡಿದು ಅಕ್ಷರ ತಿದ್ದಿಸಿದಳು. ಇದನ್ನು ಹೇಳಿದವಳು ನಮ್ಮ ಅಜ್ಜಿ. ಅತ್ತೆ ತಾನಾಗಿ ಎಂದೂ ಹೇಳಲಿಲ್ಲ.

ನಾನು ಸಣ್ಣವಳಿದ್ದಾಗ ಅಪ್ಪನಿಗೆ ದೇವದುರ್ಗದ ಶಾಲೆಯ ಮೈದಾನದಲ್ಲಿ ಸನ್ಮಾನವಾಯಿತು. ಅತ್ತೆ ಮಾನ್ವಿಯಿಂದ ಹೊಸ ಸೀರೆ ಉಟ್ಟುಕೊಂಡು, ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದಳು. ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ಅಪ್ಪ ಮೈಕಿನ ಮುಂದೆ ನಿಂತು, "ನಮ್ಮ ಮನೆತನದಲ್ಲಿ ನನಗಿಂತ ಮೊದಲು ಪಾಟಿ ಬಳಪ ಮುಟ್ಟಿದವರೇ ಇಲ್ಲ" ಎಂದ. ಚಪ್ಪಾಳೆ ಬಿತ್ತು. ಅತ್ತೆ ನನ್ನನ್ನು ತೊಡೆಯಿಂದ ಇಳಿಸಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಎದ್ದು ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋದಳು. ಆಮೇಲೆ ತಮ್ಮನ ಹೊಸ್ತಿಲು ತುಳಿದಿಲ್ಲ. ಅಪ್ಪನೂ ಬಿಗಿ. "ಭಾಷಣದಾಗ ಬಾಯಿಗೆ ಬಂದ ಮಾತು, ಅದಕ್ಕಿಷ್ಟು ಸಿಟ್ಟೇನು" ಎಂದುಕೊಂಡೇ ಕಾಲ ಕಳೆದ. ಪ್ರತಿ ಪಂಚಮಿಗೆ ತವರಿನ ಉಂಡಿ, ಸೀರೆ ಕಳಿಸುತ್ತಿದ್ದ. ಅತ್ತೆ ಉಂಡಿಯನ್ನು ಓಣಿಗೆ ಹಂಚಿ ಸೀರೆಯನ್ನು ತಿರುಗಿ ಕಳಿಸುತ್ತಿದ್ದಳು. ಆ ಸೀರೆಯನ್ನು ಒಯ್ಯುವವಳೂ ನಾನೇ, ತಿರುಗಿ ತರುವವಳೂ ನಾನೇ.

ಕಾಲು ಮುರಿದ ಸುದ್ದಿ ಕೇಳಿ ಅಪ್ಪ, "ನಾ ಬರ್ತೀನಿ ಅಂತ ಹೇಳು" ಎಂದ. ಹೇಳಿದೆ. ಅತ್ತೆ ಗೋಡೆ ಕಡೆ ಮುಖ ಮಾಡಿ, "ಕಾಲು ಮುರದದ, ಹಟ ಮುರದಿಲ್ಲ ಅಂತ ಹೇಳು" ಎಂದಳು. ಅಪ್ಪನಿಗೆ ಎಪ್ಪತ್ತು ದಾಟಿದೆ, ಅತ್ತೆಗೆ ಇನ್ನೂ ಹೆಚ್ಚು. ಇಬ್ಬರೂ ಹೀಗೇ ಹೋಗಿಬಿಟ್ಟರೆ ಏನು ಗತಿ ಎಂದು ನನಗೆ ನಿಜಕ್ಕೂ ಹೆದರಿಕೆ ಹುಟ್ಟಿತು. ಆದರೆ ಅತ್ತೆಗೆ ಬುದ್ಧಿ ಹೇಳುವ ಧೈರ್ಯ ನನಗಿರಲಿಲ್ಲ, ಮನಸ್ಸೂ ಇರಲಿಲ್ಲ. ತಪ್ಪು ಅವಳದಲ್ಲ.

ಒಂದು ಸಂಜೆ ಅತ್ತೆ ನನ್ನ ಚೀಲದ ಕಡೆ ನೋಡಿ ಕೇಳಿದಳು, "ದಿನಾ ಅಷ್ಟು ದೊಡ್ಡದು ಹೊತ್ತು ತಿರಗತಿಯಲ್ಲ ಬೇ, ಏನದ ಅದರಾಗ?"

"ದೇವರ ಕತಿ ಅತ್ತಿ."

"ಯಾವ ದೇವರು?"

"ಹೊಸ ದೇವರು. ಒಬ್ಬರನ್ನೊಬ್ಬರು ಕೊಲ್ಲತಾರ, ಮೋಸ ಮಾಡತಾರ."

"ಹಂಗಿದ್ರ ಹಳೇವೇ ಇರಬೇಕು. ನಾ ಕಲತದ್ದೆಲ್ಲ ಮರತದ, ನೀ ಓದು, ಕೇಳೋಣು."

ಓದತೊಡಗಿದೆ. ಒಂದು ವಾರದಲ್ಲಿ ಓಣಿಯ ಹೆಂಗಸರೆಲ್ಲ ಬಂದು ಸೇರಿದರು. ಮೊದಲು ಬಂದವಳು ಪಕ್ಕದ ಮನೆಯ ರೊಟ್ಟಿಯವಳು. ಜೋಳದ ರೊಟ್ಟಿ ತಟ್ಟಿ ಹೋಟೆಲುಗಳಿಗೆ ಕೊಡುವವಳು, ಬಾಯಿ ಬಲು ಜೋರು. ಅವಳ ಹಿಂದೆ ಉಳಿದವರು. ಯಾರೂ ಕಾದಂಬರಿ ಎಂಬುದನ್ನು ಕೇಳಿದವರಲ್ಲ. ಆದರೆ ಕೇಳುವುದು ಹೇಗೆಂದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಶ್ರಾವಣದಲ್ಲಿ ನಮ್ಮ ಕಡೆ ಊರೂರಿಗೆ ಪುರಾಣ ಹಚ್ಚುತ್ತಾರೆ. ಓದುವವರು ಎತ್ತರದ ಗದ್ದುಗೆಯ ಮೇಲೆ, ಕೇಳುವವರು ನೆಲದ ಮೇಲೆ. ಸಾಲು ಮುಗಿದಲ್ಲಿ ಕೇಳುವವರು ಹೂಂ ಎನ್ನಬೇಕು. ಇವರು ನನ್ನ ಕಪ್ಪು ಪುಸ್ತಕವನ್ನೂ ಪುರಾಣ ಎಂದೇ ಹಿಡಿದರು. ಚಪ್ಪಲಿ ಹೊರಗೆ ಬಿಟ್ಟರು. ನನ್ನನ್ನು ಜೋಳದ ಪೆಟ್ಟಿಗೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ದೆವ್ವ ನೆತ್ತರು ಹೀರುವ ಸಾಲಿಗೂ ಭಕ್ತಿಯಿಂದ ಹೂಂ ಎಂದರು. ನಾನು ಬೇಡವೆನ್ನಲಿಲ್ಲ. ಕ್ಲಾಸಿನಲ್ಲಿ ಇಷ್ಟು ಚೆಂದ ಕೇಳುವವರು ನನಗೆ ಎಂದೂ ಸಿಕ್ಕಿರಲಿಲ್ಲ.

ದೇವರ ಮಗಳು ಹುಟ್ಟುವ ಅಧ್ಯಾಯ ಬಂತು. ಮರುದಿನ ಹೋಗಿ ನೋಡುತ್ತೇನೆ, ನಡುಮನೆಯ ತೊಲೆಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದಾರೆ. ಪುರಾಣದಲ್ಲಿ ಶರಣರು ಹುಟ್ಟಿದ ದಿನ ತೊಟ್ಟಿಲು ಕಟ್ಟಿ, ಹಾಡಿ, ಸಕ್ಕರೆ ಹಂಚುವುದು ರೂಢಿ. ಅದರಂತೆ ಇಲ್ಲೂ ಎಲ್ಲ ತಯಾರಿ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ತೊಟ್ಟಿಲು. "ಅತ್ತಿ, ನಮ್ಮ ಮನ್ಯಾಗ ದೇವರೇ ಇಲ್ಲ, ಇದೇನಿದು?" ಎಂದೆ. "ಇದು ಕತಿ ದೇವರು. ಪೂಜಿ ಇಲ್ಲ, ಮಂಗಳಾರತಿ ಇಲ್ಲ. ಬರೇ ಸಕ್ಕರಿ" ಎಂದಳು ಅತ್ತೆ. ತೊಟ್ಟಿಲಿಗೆ ಹಾಕಲು ಕೂಸು ಬೇಕಲ್ಲ, ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡರು. ಕಣ್ಣಿಲ್ಲದ ಆ ಮುಖದ ರಟ್ಟಿಗೆ ಕುಂಚಿಗೆ ಕಟ್ಟಿ ಮಲಗಿಸಿ ತೂಗಿದರು. ಹೆಸರಿಡುವವಳು ಸೋದರತ್ತೆ ಎಂದು ಅತ್ತೆಯನ್ನೇ ಮುಂದೆ ಮಾಡಿದರು. ಅವಳು ಮಂಚದಿಂದಲೇ ಬಗ್ಗಿ ಪುಸ್ತಕದ ಕಿವಿಯಲ್ಲಿ ಕುರ್ರ್ ಎಂದಳು. ಹಿಂದಿನಿಂದ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಕಾಲು ಮುರಿದವಳೆಂಬ ಕರುಣೆಯನ್ನೂ ತೋರಿಸಲಿಲ್ಲ.

ನಗುತ್ತ ನಿಂತಿದ್ದ ನನಗೆ ಸಕ್ಕರೆ ಹಂಚುವ ಹೊತ್ತಿಗೆ ನಗು ನಿಂತಿತು. ಅತ್ತೆ ಒಬ್ಬೊಬ್ಬರನ್ನೇ ಹತ್ತಿರ ಕರೆದು, ಅವರ ಅಂಗೈ ತನ್ನ ಕೈಯಲ್ಲಿ ಹಿಡಿದು, ಸಕ್ಕರೆ ಹಾಕಿ, ಬೆರಳು ಮಡಚಿ ಒತ್ತುತ್ತಿದ್ದಳು. ಎಷ್ಟು ಹೊತ್ತು ಮಾಡ್ತಿ ಎಂದು ನಾನು ಕೇಳಿದ್ದಕ್ಕೆ ಹೇಳಿದಳು, "ಸಣ್ಣಾಕಿ ಇದ್ದಾಗ ದೇವದುರ್ಗದಾಗ ಪುರಾಣ ಹಚ್ಚತಿದ್ರು. ನಾವು ಗ್ವಾಡಿ ಹೊರಗ ನಿಂತು ಕೇಳತಿದ್ವಿ. ತೊಟ್ಟಿಲದ ದಿನ ಸಕ್ಕರಿ ಮ್ಯಾಲಿಂದ ಉಡ್ಯಾಗ ಒಗಿತಿದ್ರು. ಅರ್ಧ ಮಣ್ಣಾಗ ಬೀಳತಿತ್ತು. ಇವತ್ತು ನನ್ನ ಮನ್ಯಾಗ ಪುರಾಣ, ನಾ ಕೈ ಮುಟ್ಟಿ ಕೊಡ್ತೀನಿ." ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು. ನನಗೆ ಮಾತ್ರ ಸಿಟ್ಟು ಬಂತು, ಅದರ ಜೊತೆಗೇ ಇಂಥ ಹೆಂಗಸಿನ ಸೋದರಸೊಸೆ ನಾನು ಎಂದು ಎದೆ ಉಬ್ಬಿತು.

ಸಕ್ಕರೆ ತಿಂದವರಿಗೆ ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಮುಂದಿನ ಅಧ್ಯಾಯದಲ್ಲಿ ತಮ್ಮ ಹುಟ್ಟಿದ, ಅಕ್ಕನ ಕಣ್ಣು ಕಿತ್ತರು. ಹೂಂಗುಟ್ಟುವವರು ಬಾಯಿಗೆ ಸೆರಗು ಹಿಡಿದರು. ರೊಟ್ಟಿಯವಳು ನನ್ನ ಮೇಲೇ ತಿರುಗಿದಳು. "ಹಿಂಗ ಆಗ್ತದ ಅಂತ ಗೊತ್ತಿದ್ದೂ ನಮ್ಮ ಕಡಿಂದ ತೊಟ್ಟಿಲು ಕಟ್ಟಿಸಿದಿ? ಮಾಸ್ತರಿಣಿ ಆಗಿ ಇಷ್ಟೂ ತಿಳ್ಯಾಂಗಿಲ್ಲೇನು?" ನಾನು ಕಟ್ಟಿಸಲಿಲ್ಲ, ನೀವೇ ಕಟ್ಟಿದಿರಿ ಎಂದರೆ ಯಾರು ಕೇಳಬೇಕು. ಎಲ್ಲರೂ ಎದ್ದು ಹೋದ ಮೇಲೆ ಅತ್ತೆ, "ಇದು ನನ್ನ ಕತಿ. ಬರದವರಿಗೆ ಯಾರು ಹೇಳಿದ್ರು?" ಎಂದು ಕೇಳಿದಳು. ಯಾರೂ ಹೇಳಿಲ್ಲ ಅತ್ತಿ, ಬರೆದವರಿಗೆ ನೀ ಗೊತ್ತೇ ಇಲ್ಲ ಎಂದೆ. "ಹಂಗಿದ್ರ ನನ್ನಂಥಾಕಿ ಇನ್ನೊಬ್ಬಾಕಿ ಎಲ್ಲೋ ಇರಬೇಕು" ಎಂದಳು.

ಮಗಳು ಬಾವಿಯಿಂದ ಮೇಲೆ ಬಂದು ಕೊಲ್ಲತೊಡಗಿದ ಮೇಲೆ ಅತ್ತೆಯ ಮುಖಕ್ಕೆ ಕಳೆ ಬಂತು. ನಾನು ಒಳಗೆ ಕಾಲಿಡುವ ಮೊದಲೇ, "ಇನ್ನ ಎಷ್ಟು ಮಂದಿ ಉಳದಾರ?" ಎಂದು ಕೇಳುತ್ತಿದ್ದಳು. ನನಗೆ ಮಾತ್ರ ಒಂದು ಹೊಸ ಪೀಕಲಾಟ ಶುರುವಾಯಿತು. ಪುರಾಣದ ದಿನದ ಓದನ್ನು ಸಾವಿನ ಮೇಲೆ ನಿಲ್ಲಿಸಬಾರದಂತೆ. ಯಾರಾದರೂ ಉಣ್ಣುವ ಮಾತೋ ದೀಪ ಹಚ್ಚುವ ಮಾತೋ ಬರುವವರೆಗೆ ಓದಬೇಕಂತೆ. ಈ ಕಾದಂಬರಿಯ ದೇವರುಗಳೋ ಉಣ್ಣುವುದೇ ಇಲ್ಲ. ಒಬ್ಬ ಚಿಕ್ಕಪ್ಪ ಸತ್ತನೆಂದು ನಿಲ್ಲಿಸಲು ಹೋದರೆ, "ಓದ್ರಿ ಮೇಡಂ, ಯಾರರ ಊಟಕ್ಕ ಕುಂದ್ರಲಿ" ಎನ್ನುತ್ತಿದ್ದರು. ಮುಂದೆ ಓದಿದರೆ ಇನ್ನೊಬ್ಬ ಚಿಕ್ಕಪ್ಪ ಸಾಯುತ್ತಿದ್ದ. ಹೀಗೆ ನನ್ನ ಬಸ್ಸು ತಪ್ಪುವುದು ಮಾಮೂಲಾಯಿತು. ಕಂಡಕ್ಟರರು, "ಟೀಚರ್ರ, ಇವತ್ತು ಯಾರು ಸತ್ರು?" ಎಂದು ಕೇಳುವಷ್ಟು ಸುದ್ದಿಯಾಯಿತು.

ಸುದ್ದಿ ದೇವದುರ್ಗವನ್ನೂ ಮುಟ್ಟಿತು. ಅಪ್ಪ ಫೋನು ಮಾಡಿದ. ಮನೆಯಲ್ಲಿದ್ದ ದೇವರುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಕೃಷ್ಣೆಗೆ ಬಿಟ್ಟು ಬಂದ ಮನುಷ್ಯ ಅವನು. "ನಾ ಬಿಟ್ಟು ಬಂದೀನಿ, ನೀ ಹೊಸಾವು ತಂದು ತೊಟ್ಟಿಲದಾಗ ಹಾಕಾಕತ್ತೀಯಲ್ಲ" ಎಂದು ರೇಗಿದ. "ಯಪ್ಪಾ, ಪೂರಾ ಕತಿ ಕೇಳು, ಆಮ್ಯಾಲ ಬೈ" ಎಂದೆ. ಕಥೆ ಹೇಳಿದೆ. ಅಕ್ಕನ ಕಣ್ಣು ತಮ್ಮನ ಮುಖಕ್ಕೆ ಬಂದದ್ದನ್ನೂ ಹೇಳಿದೆ. ಬೈಯುವುದನ್ನು ಬಿಟ್ಟು ಅಪ್ಪ, "ಕೊನಿಗೆ ಏನಾಗ್ತದ?" ಎಂದ.

"ತಮ್ಮನ ಕಣ್ಣು ಕಿತ್ತಗೋತಾಳ. ಅಂವ ಸಾಯ್ತಾನ."

ಎರಡು ದಿನ ಬಿಟ್ಟು ಮತ್ತೆ ಫೋನು. ಈಗ ದನಿ ಬೇರೆ. "ಯವ್ವಾ, ನಂದೊಂದು ಮಾತು ಕೇಳು. ಆಕಿ ಏನು ಪುಸ್ತಕ ಎತ್ತಿ ನೋಡಾಂಗಿಲ್ಲ. ಕೊನಿಗೆ ತಮ್ಮನ್ನ ಮಾಫ್ ಮಾಡಿದ್ಲು ಅಂತ ಓದಿಬಿಡು. ಒಂದು ಸಾಲು ಸೇರಿಸಿದ್ರ ಪುಸ್ತಕಕ್ಕೇನು ಆಗ್ತದ? ಆಕಿ ಮನಸು ತಿರುಗಬಹುದು."

ನನಗೆ ಎಲ್ಲಿತ್ತೋ ಸಿಟ್ಟು. ಅಪ್ಪನ ಮೇಲೆ ದನಿ ಎತ್ತಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. "ಯಪ್ಪಾ, ಮೊದಲ ಆಕಿ ಕೈಯಾಗಿನ ಪಾಟಿ ಕಿತ್ತಗೊಂಡ್ರಿ. ಅದನ್ನ ಮುಟ್ಟೇ ಇಲ್ಲ ಅಂತ ಮೈಕಿನ್ಯಾಗ ಹೇಳಿದಿ. ಈಗ ಆಕಿಗೆ ಓದಾಕ ಬರಾಂಗಿಲ್ಲ ಅಂತ ಸುಳ್ಳು ಓದು ಅಂತಿ. ಹಿಂಗ ಓದಾಕ ನೀ ನನಗ ಕಲಿಸಿಲ್ಲ, ನಾ ಓದಾಂಗಿಲ್ಲ." ಅಪ್ಪ ಫೋನು ಇಟ್ಟ. ನಾನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಆ ಮಾತಿಗೆ ನಾನು ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವವಳಲ್ಲ ನಾನು. ಮರುದಿನ ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪ್ಲಾಸ್ಟರಿನ ಕಾಲು ಅಲುಗುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು, "ಕೊನೀದು ನೀ ಓದಬ್ಯಾಡ. ಅವಂಗ ಬರಾಕ ಹೇಳು. ನನ್ನ ಪಾಲಿನ ಸಾಲಿ ಕಲ್ತು ಇಷ್ಟು ವರ್ಷ ಆತು, ಒಂದು ದಿನ ನನಗ ಒಂದು ಸಾಲು ಓದಿ ಹೇಳಿಲ್ಲ. ಬಂದು ಓದಲಿ. ಒಂದು ಅಕ್ಷರ ಬಿಡಬಾರದು, ಒಂದು ಅಕ್ಷರ ಸೇರಿಸಬಾರದು."

ಇದನ್ನು ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಐತವಾರ ಮುಂಜಾನಿ ಬಸ್ಸಿಗೆ ಬರ್ತೀನಿ" ಎಂದ.

ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಕನ್ನಡಕ. ನಡುಮನೆ ತುಂಬ ಹೆಂಗಸರು. ಅಪ್ಪ ಹೊಸ್ತಿಲ ಹೊರಗೆ ನಿಂತ. ಅತ್ತೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. "ಪುಸ್ತಕ ಅಲ್ಲದ" ಎಂದು ಪೆಟ್ಟಿಗೆಯ ಕಡೆ ಕೈ ತೋರಿಸಿದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಮೇಲಿದ್ದ ಪುಸ್ತಕ ಎತ್ತಿಕೊಂಡ. ಗದ್ದುಗೆಯ ಮೇಲೆ ಕೂಡಲಿಲ್ಲ. ಹೆಂಗಸರು ಸರಿದು ಕೊಟ್ಟ ಜಾಗದಲ್ಲಿ, ಅಕ್ಕನ ಮಂಚದ ಬುಡದಲ್ಲಿ ನೆಲದ ಮೇಲೆ ಕೂತ.

ನನ್ನ ಅಪ್ಪ ಓದುವುದನ್ನು ನೀವು ಕೇಳಬೇಕಿತ್ತು. ದನಿ ಎತ್ತರಿಸುವುದಿಲ್ಲ, ನಾಟಕ ಮಾಡುವುದಿಲ್ಲ, ಒಂದೊಂದು ಪದವೂ ತೊಳೆದಿಟ್ಟಷ್ಟು ಸ್ವಚ್ಛ. ದೇವದುರ್ಗದ ಎಷ್ಟೋ ಮಕ್ಕಳು ಆ ದನಿಯಿಂದ ಕನ್ನಡ ಕಲಿತಿದ್ದಾರೆ, ನಾನೂ ಕಲಿತಿದ್ದೇನೆ. ಮಗಳು ಸುಟ್ಟ ಅರಮನೆಯೊಳಗೆ ತಡವರಿಸುತ್ತ ಬರುವುದನ್ನು ಓದಿದ. ಸಿಂಹಾಸನದ ಮೇಲೆ ಒಬ್ಬನೇ ಕೂತ ತಮ್ಮ ಅವಳನ್ನು ಗುರುತು ಹಿಡಿಯುವುದನ್ನು ಓದಿದ. ಹೂಂಗುಟ್ಟುವುದನ್ನೂ ಮರೆತು ಕೂತಿದ್ದರು ಎಲ್ಲರೂ. ಅಲ್ಲಿ ಆ ತಮ್ಮ ತನ್ನ ಅಕ್ಕನಿಗೆ ಹೇಳುವ ಮಾತೊಂದಿದೆ. ಅಪ್ಪ ಅದನ್ನು ಓದಿದ. "ಈ ಕಣ್ಣು ನಿನ್ನವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು."

ಓದಿ ಅಲ್ಲಿಗೆ ನಿಲ್ಲಿಸಿದ. ನೀರು ತರಲೇ ಎಂದು ಅತ್ತೆಯ ಸೊಸೆ ಎದ್ದಳು, ನಾನು ಕೂಡಿಸಿದೆ. ಅಪ್ಪ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮಡಚಿ, ಕನ್ನಡಕ ತೆಗೆದ. "ಅಕ್ಕಾ, ಪಾಟಿ ನಿಂದೇ ಇತ್ತು. ಬೂದ್ಯಾಗ ನನ್ನ ಬೆರಳು ಹಿಡದು ತಿದ್ದಿಸಿದಾಕಿ ನೀನೇ. ಅವತ್ತು ಮೈಕಿನ ಮುಂದ ನಿಂತಾಗ ನನಗ ನೆನಪಿತ್ತು. ಮರತು ಹೇಳಿಲ್ಲ. ನಾನೇ ಮೊದಲಿನವ ಅಂತ ಅನಿಸಿಕೊಬೇಕಂತ ಹೇಳಿದ್ನಿ" ಎಂದ. ಅಷ್ಟು ವರ್ಷ 'ಬಾಯಿಗೆ ಬಂದ ಮಾತು' ಎಂದುಕೊಂಡು ಬಂದಿದ್ದವನು ಓಣಿಯ ಹೆಂಗಸರೆಲ್ಲರ ಎದುರಿಗೆ ಹಾಗೆಂದ. ರೊಟ್ಟಿಯವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೂ ಅಳು ಬಂತು, ತಡೆದುಕೊಳ್ಳಲಿಲ್ಲ.

ಅತ್ತೆ ಅಳಲಿಲ್ಲ. "ಈಗ ನೀ ಅಂದದ್ದು ಪುಸ್ತಕದಾಗ ಅದ ಏನು?" ಎಂದು ಕೇಳಿದಳು.

"ಇಲ್ಲಕ್ಕ."

"ಸೇರಿಸಬ್ಯಾಡ ಅಂದಿದ್ನಿ. ಪುಸ್ತಕ ಮುಗಸು. ನಿನ್ನ ಮಾತು ಇಲ್ಲಿ ಹೇಳಿದ್ರ ನನಗೇನು ಬಂತು? ಈ ಹೆಣ್ಣುಮಕ್ಕಳಿಗೆ ನಾ ಯಾರಂತ ಗೊತ್ತದ. ದೇವದುರ್ಗದಾಗ ಅಂದಿದ್ದಿ, ದೇವದುರ್ಗದಾಗ ಹೇಳು."

ಆ ಹೊತ್ತಿಗೆ ಅವಳು ಯಾವ ಕಾದಂಬರಿಯ ದೇವತೆಗೂ ಕಡಿಮೆಯಿರಲಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ತಮ್ಮನೊಬ್ಬ ಕಾಲ ಬುಡಕ್ಕೆ ಬಂದು ಕೂತು ಕಣ್ಣೀರು ಹಾಕಿದರೆ ಕರಗಿ ನೀರಾಗುವ ಅಕ್ಕಂದಿರ ಕಥೆ ನಾವು ಬೇಕಾದಷ್ಟು ಕೇಳಿದ್ದೇವೆ. ಇವಳು ಕರಗಲಿಲ್ಲ, ತನಗೆ ಬರಬೇಕಾದ್ದನ್ನು ಅದು ಕಳೆದ ಜಾಗದಲ್ಲೇ ಕೇಳಿದಳು. ಅಪ್ಪ ಕನ್ನಡಕ ಹಾಕಿಕೊಂಡು ಉಳಿದದ್ದನ್ನು ಓದಿದ. ಅಕ್ಕ ತಮ್ಮನ ಕಣ್ಣು ಕಿತ್ತುಕೊಂಡಳು. ತಮ್ಮ ಸತ್ತ. ಅಕ್ಕ ಬೆಟ್ಟಕ್ಕೆ ಬೆಂಕಿ ಇಟ್ಟು ಇಳಿದು ಹೋದಳು. ಅಪ್ಪ ಒಂದು ಅಕ್ಷರ ಬಿಡಲಿಲ್ಲ. "ಬರೋಬ್ಬರಿ ಮಾಡಿದ್ಲು" ಎಂದಳು ರೊಟ್ಟಿಯವಳು. ಅತ್ತೆ ಸೊಸೆಗೆ, "ಓದಿದವರಿಗೆ ಚಾ ಕೊಡವ್ವ" ಎಂದಳು. ಅವತ್ತು ಅಪ್ಪನ ಪಾಲಿಗೆ ಬಂದದ್ದು ಅಷ್ಟೇ. ಚಹಾ ಕುಡಿದು ಅವನು ದೇವದುರ್ಗದ ಬಸ್ಸು ಹತ್ತಿದ.

ಪ್ಲಾಸ್ಟರು ಬಿಚ್ಚಿ, ಅತ್ತೆ ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುವಂತಾದಳು. ರಾಜ್ಯೋತ್ಸವ ಬಂತು. ದೇವದುರ್ಗದ ಅದೇ ಶಾಲೆಯ ಮೈದಾನದಲ್ಲಿ ಸಭೆ, ಹಿರಿಯ ಮಾಸ್ತರರೆಂದು ಅಪ್ಪನನ್ನು ಎರಡು ಮಾತಾಡಲು ಕರೆದಿದ್ದರು. ಅಪ್ಪ ನನಗೆ ಫೋನು ಮಾಡಿ, "ಅಕ್ಕನ್ನ ಕರಕೊಂಡು ಬಾ. ಮನಿಗೆ ಅಲ್ಲ, ಮ್ಯಾದಾನಕ್ಕ" ಎಂದ. ಆ ಎಚ್ಚರಿಕೆಯ ಮಾತು ಕೇಳಿ ನನಗೆ ಅವನ ಮೇಲೆ ಎಷ್ಟೋ ದಿನಗಳ ಮೇಲೆ ಪ್ರೀತಿ ಉಕ್ಕಿತು. ಅತ್ತೆ ಒಂದು ಮಾತೂ ಕೇಳದೆ ಸೀರೆ ಉಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹತ್ತಿಯ ಹೊಲ ನೋಡಿದಳು. ಎರಡು ಸಲ ನನ್ನ ಕೈ ಹಿಡಿದುಕೊಂಡಳು, ಬಿಟ್ಟಳು. ಅವನು ಹೇಳದೆ ಹೋದರೆ ಏನು ಮಾಡುವುದು ಎಂಬ ಯೋಚನೆ ಅವಳಿಗೂ ಇತ್ತು, ನನಗೂ ಇತ್ತು.

ಮೈದಾನದಲ್ಲಿ ಪ್ಲಾಸ್ಟಿಕ್ ಖುರ್ಚಿಗಳು, ಹಳದಿ ಕೆಂಪು ಬಾವುಟಗಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮಕ್ಕಳ ಸಾಲುಗಳು. ಅತ್ತೆ ಮುಂದಿನ ಸಾಲೇ ಬೇಕೆಂದಳು. ಕೂತೆವು. ಅತ್ತೆಯ ಆ ಪಕ್ಕಕ್ಕೆ ಯಾವುದೋ ಹುಡುಗಿಯ ತಾಯಿ, ಗುರುತಿನವಳಲ್ಲ. ಭಾಷಣದ ಮೇಲೆ ಭಾಷಣ ಮುಗಿದು ಅಪ್ಪನ ಸರದಿ ಬಂತು. ಅವನು ಮೈಕು ಸರಿ ಮಾಡಿಕೊಂಡು ನಾಡು ನುಡಿಯ ಮಾತು ಯಾವುದನ್ನೂ ಆಡದೆ ಶುರು ಮಾಡಿದ.

"ಹಿಂದೆ ಇದೇ ಮೈದಾನದಲ್ಲಿ ನಾನು ಒಂದು ಸುಳ್ಳು ಹೇಳಿದ್ದೆ. ನಮ್ಮ ಮನೆತನದಲ್ಲಿ ಮೊದಲು ಪಾಟಿ ಹಿಡಿದವನು ನಾನು ಎಂದಿದ್ದೆ. ನಾನಲ್ಲ. ನನ್ನ ಅಕ್ಕ. ನಾನು ಓದಲಿ ಎಂದು ಆಕೆಯನ್ನು ಶಾಲೆ ಬಿಡಿಸಿದರು. ಬಿಟ್ಟ ಮೇಲೂ ಆಕೆ ನನಗೆ ಅಕ್ಷರ ಕಲಿಸಿದಳು. ನಾನು ಈ ಊರಿನಲ್ಲಿ ಎಷ್ಟು ಮಕ್ಕಳಿಗೆ ಕಲಿಸಿದ್ದೇನೋ ಅವರೆಲ್ಲರೂ ಆಕೆಯ ಶಿಷ್ಯರು."

ಇಂಥ ಮಾತಿಗೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಜನಕ್ಕೆ ತಿಳಿಯಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವಳು ಅಪ್ಪನ ಕಡೆ ನೋಡುತ್ತಿರಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿ ಮಾಡಿಕೊಂಡು, ಆ ಪಕ್ಕದ ಗುರುತಿಲ್ಲದ ಹೆಂಗಸಿನ ಕಡೆ ತಿರುಗಿ, ಅವಳ ಮೊಣಕೈ ಮುಟ್ಟಿ ಹೇಳಿದಳು.

"ಆ ಅಕ್ಕ ನಾನೇ ರೀ."